ಹಳದಿ ಮೂಗಿಗೊಂದು ಬಾಟಲಿ

ಮೂಗು ಅಂತ ಒಂದಿದ್ದ ಮೇಲೆ ನೆಗಡಿ ಬಂದೇ ಬರುತ್ತದೆ. ಇದನ್ನು ತಿಳಿಯಲು ದೊಡ್ಡ ಓದು ಬೇಕಾಗಿಲ್ಲ. ಆದರೆ ಮೂರೂವರೆ ವರ್ಷದ ಬುಗುರಿ ಹೋಗುತ್ತಿದ್ದ ಶಿಶುವಿಹಾರದಲ್ಲಿ ಈ ಮಾತು ನಡೆಯುತ್ತಿರಲಿಲ್ಲ. ಅದನ್ನು ನಡೆಸುವಾಕೆಯನ್ನು ಎಲ್ಲರೂ ದೊಡ್ಡಮ್ಮ ಅನ್ನುತ್ತಿದ್ದರು. ದಿನಾ ಬೆಳಿಗ್ಗೆ ಎಂಟೂವರೆಗೆ ಆಕೆ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂರುವುದು, ಬಂದ ಮಕ್ಕಳ ಮೂಗನ್ನು ಬಿಳಿ ಬಟ್ಟೆಯ ತುಂಡಿನಿಂದ ಒರೆಸಿ ಬೆಳಕಿಗೆ ಹಿಡಿದು ನೋಡುವುದು. ಮಗುವಿಗೊಂದು ತುಂಡು, ಅಷ್ಟರಮಟ್ಟಿಗೆ ಪುಣ್ಯ. ನೀರಿನ ಹಾಗಿದ್ದರೆ ಒಳಗೆ. ಹಳದಿಯೋ ಹಸಿರೋ ಕಂಡರೆ ಹೊರಗೆ. ಹೊರಗಾದ ಮಗು ಮತ್ತೆ ಒಳಗೆ ಬರಬೇಕಾದರೆ ಚೀಲದಲ್ಲಿ ಗುಲಾಬಿ ಬಣ್ಣದ ಆಂಟಿಬಯೋಟಿಕ್ ಸಿರಪ್ಪಿನ ಬಾಟಲಿ ಇರಬೇಕು. ಬಾಟಲಿಯೊಂದು ಇದ್ದುಬಿಟ್ಟರೆ, ಮೂಗಿನಲ್ಲಿ ಹೊಳೆಯೇ ಹರಿಯಲಿ, ದೊಡ್ಡಮ್ಮನಿಗೆ ಚಿಂತೆಯಿಲ್ಲ.

ಬುಗುರಿಯ ಅಮ್ಮನನ್ನು ಜನ ಬಣ್ಣದಕ್ಕ ಅನ್ನುತ್ತಿದ್ದರು. ನೂಲಿಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಕಿಟಕಿ ಪಕ್ಕ ನಿಂತು, ಹಂಡೆಯಿಂದ ಬಂದ ನೂಲನ್ನು ಮಾದರಿಯ ನೂಲಿನ ಪಕ್ಕ ಹಿಡಿದು, ಬಣ್ಣ ಕೂಡಿತೋ ಇಲ್ಲವೋ ಹೇಳುವುದು ಅವಳ ಕೆಲಸ. ಅವಳು ಹೂಂ ಅಂದರೆ ಹಂಡೆ ಇಳಿಯುತ್ತದೆ, ಊಹೂಂ ಅಂದರೆ ಯಜಮಾನರೇ ಬಂದು ನಿಂತರೂ ಇಳಿಯುವುದಿಲ್ಲ. ಆ ತಿಂಗಳು ಬುಗುರಿಯ ನೆಗಡಿಗೆಂದು ಎರಡು ದಿನ ರಜೆ ಹಾಕಿದ್ದಳು. ಯಜಮಾನರು ಕೂಗಾಡಲಿಲ್ಲ, ಅದೇ ಹೆದರಿಕೆಯ ವಿಷಯ. "ಇನ್ನೊಂದು ದಿನ ತಪ್ಪಿದ್ರೆ ಕಿಟಕಿಗೆ ಬೇರೆಯವರನ್ನ ನಿಲ್ಲಿಸ್ತೀನಿ ಕಣಮ್ಮ," ಎಂದು ತಣ್ಣಗೆ ಹೇಳಿ ಹೋದರು. ಗಂಡ ಕ್ಯಾಂಟೀನಿನ ಅಡುಗೆಯವನು, ಐದಕ್ಕೇ ಹೊರಡುವವನು. ಅತ್ತೆಗೆ ಮಂಡಿ ನೋವು. ಹೆಸರಿಗೆ ತಕ್ಕ ಹಾಗೆ ಸುತ್ತುವ ಆ ಮಗುವಿನ ಹಿಂದೆ ಓಡುವುದು ಅವರಿಂದಾಗದು. ಶಿಶುವಿಹಾರದ ಬಾಗಿಲು ಮುಚ್ಚಿದರೆ ಕಿಟಕಿಯ ಕೆಲಸವೂ ಹೋಯಿತೆಂದೇ ಲೆಕ್ಕ.

ಅವತ್ತು ನೆಗಡಿಗೆ ನಾಲ್ಕನೇ ದಿನ. ಬುಗುರಿಯ ಮೂಗಿನಿಂದ ಹಸಿರು ಇಣುಕುತ್ತಿತ್ತು.

"ಸುಮ್ನೆ ಹಠ ಮಾಡ್ಬೇಡ," ಅಂದರು ಅತ್ತೆ. "ಹಳೇ ಬಾಟಲಿಗೆ ಸಕ್ಕರೆ ನೀರು ಹಾಕಿ, ಒಂಚೂರು ಬಣ್ಣ ಬೆರೆಸಿ ಚೀಲದಲ್ಲಿಡು. ಇಸ್ತ್ರಿ ಅಂಗಡಿಯವಳು ವರ್ಷದಿಂದ ಹಾಗೇ ಮಾಡ್ತಿದಾಳಂತೆ. ಅವಳೇ ಹೇಳಿದ್ಲು. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ."

"ನಾನು ಹಾಕಲ್ಲ ಅತ್ತೆ."

"ನಿಜವಾದ್ದನ್ನಾದ್ರೂ ಕುಡ್ಸು ಮತ್ತೆ!"

"ಹೋದ ಸಲ ಕುಡಿಸಿ ಏನಾಯ್ತು?"

ಹೋದ ಸಲ ಮೆಡಿಕಲ್ ಅಂಗಡಿಯವನು ಕೇಳುವ ಮೊದಲೇ ಎತ್ತಿಕೊಟ್ಟ ಸಿರಪ್ಪು ಕುಡಿದು ಬುಗುರಿಗೆ ವಾರವಿಡೀ ಭೇದಿ. ತೊಡೆಸಂದಿ ಕೆಂಪಗಾಗಿ ಮಗು ಕೂರಲಾರದೆ ನಿಂತೇ ಅತ್ತಿತ್ತು. ನೆಗಡಿ ಮಾತ್ರ ತನಗೆ ಬೇಕಾದಾಗಲೇ ಹೋಯಿತು. ಆಗ ಬಣ್ಣದಕ್ಕ ಮಗುವನ್ನೆತ್ತಿಕೊಂಡು ಸರ್ಕಾರಿ ಆಸ್ಪತ್ರೆಯ ಮಕ್ಕಳ ಡಾಕ್ಟರ ಮುಂದೆ ಕೂತು, ಕೇಳಬೇಕಾದ್ದನ್ನೆಲ್ಲ ಕೇಳಿ ಬಂದಿದ್ದಳು. ನೆಗಡಿ ವೈರಸ್ಸಿನದು, ಆ ಸಿರಪ್ಪು ಅದರ ಕೂದಲನ್ನೂ ಕೊಂಕಿಸಲಾರದು. ಪುಟ್ಟ ಮಕ್ಕಳಿಗೆ ವರ್ಷಕ್ಕೆ ಆರೆಂಟು ಸಲ ಬರುವುದು ಸಹಜ. ಮೂರ್ನಾಲ್ಕನೇ ದಿನ ಸಿಂಬಳ ಹಳದಿ ಹಸಿರು ಆಗುತ್ತದೆ, ಅದೂ ಸಹಜ. ಮೂಗಿಗೆ ಉಪ್ಪುನೀರಿನ ಹನಿ, ಕುಡಿಯಲು ಬೆಚ್ಚಗಿನದೇನಾದರೂ, ವರ್ಷ ದಾಟಿದ ಮಗುವಾದ್ದರಿಂದ ಮಲಗುವಾಗ ಅರ್ಧ ಚಮಚ ಜೇನು. ಔಷಧಿ ಕೊಟ್ಟರೆ ಒಂದು ವಾರ, ಕೊಡದಿದ್ದರೆ ಏಳು ದಿನ ಎಂದು ಡಾಕ್ಟರು ನಕ್ಕಿದ್ದರು. ಆಮೇಲೆ ನಗು ನಿಲ್ಲಿಸಿ, ಯಾವಾಗ ಓಡಿ ಬರಬೇಕೆಂಬುದನ್ನೂ ಹೇಳಿದ್ದರು.

ಬಣ್ಣದಕ್ಕ ಮಗಳ ಕೈಯನ್ನು ಸೋಪು ಹಾಕಿ ತೊಳೆದು, ಚೀಲಕ್ಕೆ ನೀರಿನ ಬಾಟಲಿ ಮಾತ್ರ ಹಾಕಿಕೊಂಡು ಹೊರಟಳು.

ಬಾಗಿಲಲ್ಲಿ ದೊಡ್ಡಮ್ಮ ಮೂಗು ಒರೆಸಿದರು, ಬಟ್ಟೆ ಎತ್ತಿ ಹಿಡಿದರು.

"ಹಸಿರು. ಬಾಟಲಿ ಎಲ್ಲಿ?"

"ಇಲ್ಲ."

"ಹಾಗಿದ್ರೆ ಮನೆಗೆ."

"ಜ್ವರ ಇಲ್ಲ ದೊಡ್ಡಮ್ಮ, ತಿಂಡಿ ತಿಂದಿದಾಳೆ, ದಾರಿಯುದ್ದಕ್ಕೂ ನನ್ನ ತಲೆನೂ ತಿಂದಿದಾಳೆ. ಯಾಕೆ ಮನೆಗೆ?"

"ಬೇರೆ ಮಕ್ಕಳಿಗೆ ಹರಡುತ್ತೆ."

"ಬಾಟಲಿ ಇದ್ರೆ ಹರಡಲ್ವಾ? ಬಾಟಲಿ ಕಂಡು ನೆಗಡಿ ಬಾಗಿಲಲ್ಲೇ ನಿಲ್ಲುತ್ತಾ?"

ಹಿಂದೆ ನಿಂತಿದ್ದ ಯಾರೋ ಕಿಸಕ್ಕೆಂದರು. ದೊಡ್ಡಮ್ಮನ ಮುಖ ಬಿಗಿಯಿತು.

"ಬಣ್ಣ ನೋಡು ತಾಯಿ, ಬಣ್ಣ! ಹಸಿರು ಅಂದ್ರೆ ಒಳಗೆ ಕೀವು ಅಂತ ಅರ್ಥ."

ತಿರುಪತಿ ಕ್ಷೌರಿಕನಿಗೆ ಕ್ಷೌರ ಕಲಿಸಿದ ಹಾಗಾಯಿತು ಇದು. ಬಣ್ಣದಕ್ಕನಿಗೆ ಬಣ್ಣದ ಪಾಠ!

"ಹತ್ತು ವರ್ಷದಿಂದ ನನ್ನ ಅನ್ನ ಬಣ್ಣದ್ದು ದೊಡ್ಡಮ್ಮ. ಒಂದೇ ಹಂಡೆ, ಒಂದೇ ಪುಡಿ. ಬೇಗ ತೆಗೆದ್ರೆ ತಿಳಿ, ತಡ ಮಾಡಿದ್ರೆ ಗಾಢ. ಗಾಢ ಆಯ್ತು ಅಂತ ಹಂಡೆಗೆ ಬೇರೆ ಪುಡಿ ಬಿತ್ತು ಅಂತೀರಾ? ನೆಗಡಿಗೆ ನಾಲ್ಕು ದಿನ ಆಗಿದೆ, ಅಷ್ಟೇ ಆ ಬಣ್ಣದ ಅರ್ಥ. ಡಾಕ್ಟ್ರೂ ಹಾಗೇ ಅಂದ್ರು."

"ನಿನ್ನ ಡಾಕ್ಟ್ರು ಇಲ್ಲಿ ಬಂದು ಮಕ್ಕಳನ್ನ ನೋಡ್ಕೋತಾರಾ? ಹೋದ ವರ್ಷ ಒಂದು ಮಗೂಗೆ ನ್ಯುಮೋನಿಯಾ ಆದಾಗ ಬೈಸ್ಕೊಂಡೋಳು ನಾನು! ಅವರಪ್ಪ ಇದೇ ಬಾಗಿಲಲ್ಲಿ ನಿಂತು ನನ್ನ ಕೊಲೆಗಾತಿ ಅಂದ. ಆ ಮಗು ಉಳೀತು, ನಾನು ಮಾತ್ರ ಇವತ್ತಿಗೂ ನೆಟ್ಟಗೆ ನಿದ್ದೆ ಮಾಡಿಲ್ಲ. ಬಾಟಲಿ ಇಲ್ದೆ ಒಳಗೆ ಬಿಡಲ್ಲ, ಬಿಡಲ್ಲ, ಬಿಡಲ್ಲ!"

ಎಂಟೂ ಮುಕ್ಕಾಲು. ಒಂಬತ್ತಕ್ಕೆ ಕಿಟಕಿಯಲ್ಲಿರಬೇಕು. ಬಣ್ಣದಕ್ಕನಿಗೆ ಅಳು ಬರುವ ಹಾಗಾಯಿತು, ಅಳು ಬರುವ ಹಾಗಾದಾಗ ಅವಳಿಗೆ ಸಿಟ್ಟೇ ಮೊದಲು ಬರುವುದು. ಬಾಗಿಲ ಪಕ್ಕದ ಹಲಗೆಯ ಮೇಲೆ ಅವತ್ತು ಬಂದ ಬಾಟಲಿಗಳು ಹೆಸರಿನ ಚೀಟಿ ಅಂಟಿಸಿಕೊಂಡು ಸಾಲಾಗಿ ನಿಂತಿದ್ದವು, ಐದು.

"ಬಾಟಲಿ ಬಾಟಲಿ ಅಂತೀರಲ್ಲ, ಮುಚ್ಚಳ ತೆಗೆದು ಮೂಸಿ ನೋಡಿ ದೊಡ್ಡಮ್ಮ! ಅದ್ರಲ್ಲಿ ಔಷಧಿ ಎಷ್ಟಿದೆ, ಸಕ್ಕರೆ ನೀರು ಎಷ್ಟಿದೆ ಅಂತ!"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗೆ ಇಸ್ತ್ರಿ ಅಂಗಡಿಯವಳು ಸೆರಗು ಸರಿಮಾಡಿಕೊಂಡಳು. ದೊಡ್ಡಮ್ಮ ಎದ್ದು ಅವಳ ಬಾಟಲಿಯನ್ನೇ ತೆರೆದು ಮೂಸಿದರು, ಬೆರಳಿಗೆ ಹಚ್ಚಿ ನೆಕ್ಕಿದರು.

"ಸಕ್ಕರೆ," ಅಂದರು.

"ನಂದೊಂದೇ ಅಲ್ಲ," ಎಂದಳು ಇಸ್ತ್ರಿ ಅಂಗಡಿಯವಳು. "ಬೇಕರಿಯವರದ್ದೂ ಅದೇ."

"ಅಯ್ಯೋ, ನನ್ನನ್ಯಾಕೆ ಎಳೀತೀಯ!" ಅಂದಳು ಬೇಕರಿಯವಳು. ಎಳೆದದ್ದು ಆಗಿತ್ತು. ಒಬ್ಬಳಾದ ಮೇಲೆ ಒಬ್ಬಳು ಒಪ್ಪಿಕೊಂಡರು. ಒಂದು ಬಾಟಲಿಯಂತೂ ಅಕ್ಕನ ಮಗನಿಂದ ತಂಗಿಯ ಮಗನಿಗೆ ಬಂದದ್ದು, ಬಳುವಳಿ. ದೊಡ್ಡಮ್ಮ ಸ್ಟೂಲಿನ ಮೇಲೆ ಕುಸಿದರು.

"ಹಾಗಿದ್ರೆ ಇಷ್ಟು ದಿನ ನಾನು ಮಧ್ಯಾಹ್ನ ಮಧ್ಯಾಹ್ನ ಅಳತೆ ಮಾಡಿ ಕುಡಿಸ್ತಿದ್ದಿದ್ದು..."

"ಸಕ್ಕರೆ ನೀರು. ಮಕ್ಕಳೆಲ್ಲ ಹುಷಾರಾದ್ವು ತಾನೆ?" ಎಂದಳು ಬಣ್ಣದಕ್ಕ. "ಹೆದರ್ಬೇಡಿ ಅಂತ ನಾನು ಹೇಳಲ್ಲ ದೊಡ್ಡಮ್ಮ. ನಾನೂ ಹೆದರ್ತೀನಿ. ಆದ್ರೆ ಮೂಗು ನೋಡಿ ಅಲ್ಲ, ಎದೆ ನೋಡಿ ಹೆದರೋಣ. ಉಸಿರು ಜೋರಾಗಿ ಓಡ್ತಿದ್ರೆ, ಪಕ್ಕೆ ಒಳಗೆ ಸೆಳೀತಿದ್ರೆ, ನೀರು ಕುಡೀದೆ ಮಂಕಾಗಿ ಬಿದ್ದಿದ್ರೆ, ಜ್ವರ ಮೂರು ದಿನ ದಾಟಿದ್ರೆ, ಕಿವಿ ನೋವು ಅಂತ ಅತ್ರೆ ಫೋನ್ ಮಾಡಿ, ಹಂಡೆ ಉರೀತಿದ್ರೂ ಬಿಟ್ಟು ಓಡಿ ಬರ್ತೀನಿ. ಸಿಂಬಳಕ್ಕೆ ಬರಲ್ಲ."

ದೊಡ್ಡಮ್ಮ ಬುಗುರಿಯನ್ನು ಹತ್ತಿರಕ್ಕೆ ಎಳೆದುಕೊಂಡು, ಅಂಗಿ ಎತ್ತಿ, ಪುಟ್ಟ ಎದೆ ಏರಿಳಿಯುವುದನ್ನು ಬಹಳ ಹೊತ್ತು ನೋಡಿದರು. ಬುಗುರಿ ಕಚಗುಳಿಯಾಗಿ ನಕ್ಕು, ಅವರ ಸೆರಗಿಗೇ ಮೂಗು ಒರೆಸಿಕೊಂಡಿತು.

"ಹೋಗು ಒಳಗೆ, ಕೋತಿ. ಮೊದ್ಲು ಕೈ ತೊಳ್ಕೋ," ಅಂದರು ದೊಡ್ಡಮ್ಮ.

ಗೆದ್ದೆ ಎಂದುಕೊಂಡು ಬಣ್ಣದಕ್ಕ ಚಪ್ಪಲಿ ಮೆಟ್ಟಿದಳು. ಐದು ಬಾಟಲಿಯಲ್ಲಿ ನಾಲ್ಕರ ಲೆಕ್ಕ ಮಾತ್ರ ಸಿಕ್ಕಿದೆ ಎನ್ನುವುದು ಆಗಲೂ ಅವಳಿಗೆ ಹೊಳೆಯಲಿಲ್ಲ. ಗೋಡೆಗೆ ಒರಗಿ, ಬಸ್ ಕಂಡಕ್ಟರ್ ಸಮವಸ್ತ್ರದಲ್ಲಿ ಒಬ್ಬಳು ನಿಂತಿದ್ದಳು. ಮೂರು ಪಾಳಿಯ ಕೆಲಸ, ಯಾರ ಜೊತೆಗೂ ನಿಂತು ಹರಟೆ ಹೊಡೆಯಲು ಅವಳಿಗೆ ಪುರುಸೊತ್ತಿಲ್ಲ. ಸೊಂಟದ ಮೇಲೆ ಎರಡು ವರ್ಷದ ಮಗ, ಕಡ್ಡಿಯ ಹಾಗಿದ್ದ.

"ನಂದು ನಿಜವಾದ್ದು," ಎಂದಳು ಅವಳು.

ಮಗನನ್ನು ಇನ್ನೊಂದು ಮಗ್ಗುಲಿಗೆ ಬದಲಿಸಿಕೊಂಡಳು.

"ಈ ವರ್ಷ ಇದು ಒಂಬತ್ತನೇ ಬಾಟಲಿ. ವಾಂತಿ ಮಾಡ್ಕೋತಾನೆ, ಮೂಗು ಹಿಡಿದು ಮತ್ತೆ ಕುಡಿಸ್ತೀನಿ. ಅಮ್ಮ ಬೇಡ ಅಂತಾನೆ. ಅವನಿಗೆ ನೆಟ್ಟಗೆ ಬರೋ ಮಾತು ಅದೊಂದೇ." ಅವಳು ದೊಡ್ಡಮ್ಮನ ಕಡೆ ನೋಡಲಿಲ್ಲ, ಬಣ್ಣದಕ್ಕನನ್ನೇ ನೋಡುತ್ತಿದ್ದಳು. "ನಿಮಗೆಲ್ಲ ಗೊತ್ತಿತ್ತು. ಒಬ್ಬರಿಗೊಬ್ಬರು ಹೇಳ್ಕೊಂಡ್ರಿ. ನನಗ್ಯಾಕೆ ಹೇಳ್ಲಿಲ್ಲ?"

ಬಣ್ಣದಕ್ಕನಿಗೆ ಡಾಕ್ಟರು ಹೇಳಿ ಎರಡು ತಿಂಗಳಾಗಿತ್ತು. ಎರಡು ತಿಂಗಳೂ ಇವಳ ಪಕ್ಕದಲ್ಲೇ ಚಪ್ಪಲಿ ಬಿಟ್ಟಿದ್ದಳು, ಇವಳ ಮಗನ ಸೊರಗಿದ ಕಾಲು ನೋಡಿದ್ದಳು. ಊರಿಗೆಲ್ಲ ಕೂಗಿ ಹೇಳುವ ಗಂಟಲು ಇತ್ತು, ಆದರೆ ತನ್ನ ಮಗಳಿಗೆ ಬಾಗಿಲು ಮುಚ್ಚಿದ ದಿನವೇ ಅದು ಏರಿದ್ದು. ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು.

"ತಪ್ಪಾಯ್ತು ತಂಗಿ," ಎಂದಳು.

"ತಪ್ಪಾಯ್ತು ಅಂದ್ರೆ ಆಗೋಯ್ತಾ?" ಎಂದಳು ಕಂಡಕ್ಟರ್. "ಇದು ಅರ್ಧ ಆಗಿದೆ. ನಿಲ್ಲಿಸಬೇಕೋ ಮುಗಿಸಬೇಕೋ ನನಗೆ ಗೊತ್ತಿಲ್ಲ. ನಿಮ್ಮ ಡಾಕ್ಟ್ರ ಹತ್ರ ಈಗಲೇ ಕರ್ಕೊಂಡು ಹೋಗಿ."

ಗಡಿಯಾರದಲ್ಲಿ ಒಂಬತ್ತಕ್ಕೆ ಐದು ನಿಮಿಷ. ಬಣ್ಣದಕ್ಕ ಫೋನು ತೆಗೆದು ಯಜಮಾನರಿಗೆ ಕರೆ ಮಾಡಿದಳು.

"ಇವತ್ತು ತಡ ಆಗುತ್ತೆ ಯಜಮಾನ್ರೇ. ಕಿಟಕಿಗೆ ಯಾರನ್ನ ಬೇಕಾದ್ರೂ ನಿಲ್ಲಿಸ್ಕೊಳ್ಳಿ," ಎಂದು ಹೇಳಿ, ಆ ಕಡೆಯ ಉತ್ತರಕ್ಕೂ ಕಾಯದೆ, ಕಂಡಕ್ಟರಮ್ಮನ ಸೊಂಟದಿಂದ ಮಗುವನ್ನು ತಾನೇ ಎತ್ತಿಕೊಂಡಳು.