ಮೈಕಮ್ಮ ಓದಿ ಹೇಳಿದ ಪತ್ರ

ಅವರಿಗೆ ಮೆಲ್ಲಗೆ ಮಾತಾಡಲು ಬರುವುದೇ ಇಲ್ಲ. ನೋಂದಣಿ ಕಚೇರಿಯ ಮೆಟ್ಟಿಲ ಕೆಳಗೆ, ಒಂದು ಕಾಲಿಗೆ ಇಟ್ಟಿಗೆ ಕೊಟ್ಟ ಮೇಜಿನ ಮುಂದೆ ಕೂತು ಅವರು ಯಾರನ್ನಾದರೂ ಕರೆದರೆ ಎರಡನೇ ಮಹಡಿಯ ಗುಮಾಸ್ತ ಕಿಟಕಿಯಿಂದ ಇಣುಕುತ್ತಾನೆ. ಹಾಗಾಗಿ ಎಲ್ಲರ ಬಾಯಲ್ಲೂ ಅವರು ಮೈಕಮ್ಮ. ಮೂವತ್ತು ವರ್ಷದಿಂದ ಆಸ್ತಿಪಾಸ್ತಿಯ ಪತ್ರ ಬರೆದುಕೊಡುವುದೇ ಕಸುಬು. ಎಡಗಾಲನ್ನು ತುಸು ಎಳೆದು ನಡೆಯುತ್ತಾರೆ. ಸೆಕೆಯಿರಲಿ, ಚಳಿಯಿರಲಿ, ಮೈಮೇಲೊಂದು ಗಂಡಸರ ಕಂದು ಕೋಟು, ಅದರ ಜೇಬಿನ ಬುಡದಲ್ಲಿ ಶಾಯಿ ಇಳಿದ ಕಲೆ. ಮಾತಿಗೊಮ್ಮೆ "ಆಯ್ತಾ?" ಎನ್ನುವುದು, ಉತ್ತರ ಬರುವ ಮುಂಚೆಯೇ "ಆಗಿಲ್ಲ ಬಿಡಿ" ಎಂದು ತಾವೇ ಹೇಳಿಕೊಳ್ಳುವುದು.

ಅವರದೊಂದು ಹಠ ಇಡೀ ಕಚೇರಿಗೆ ತಲೆನೋವು. ತವರಿನ ಪಾಲನ್ನು ಅಣ್ಣತಮ್ಮಂದಿರಿಗೆ ಬಿಟ್ಟುಕೊಡುವ ಪತ್ರಕ್ಕೆ ಹೆಣ್ಣುಮಗಳೊಬ್ಬಳು ಸಹಿ ಹಾಕಬೇಕಾದಾಗ ಮೈಕಮ್ಮ ಅದನ್ನು ಮೊದಲಿಂದ ಕೊನೆವರೆಗೆ ಓದುತ್ತಾರೆ. ಒಂದೊಂದು ವಾಕ್ಯಕ್ಕೂ ಆಕೆ ಬಾಯಿಬಿಟ್ಟು ಹೌದು ಎನ್ನಬೇಕು, ಇಲ್ಲದಿದ್ದರೆ ಪೆನ್ನು ಕೊಡುವುದಿಲ್ಲ.

ನಾನು ಅವರ ಅಭಿಮಾನಿಯಾದದ್ದು ನನ್ನ ಅಮ್ಮ ಅವರೆದುರಿನ ಬೆಂಚಿನ ಮೇಲೆ ಕೂತ ದಿನ. ಅಜ್ಜನ ಮನೆಯಲ್ಲಿ ಅಮ್ಮನಿಗಿದ್ದ ಅರ್ಧ ಪಾಲು ಸೋದರಮಾವನ ಹೆಸರಿಗೆ ಹೋಗಬೇಕಿತ್ತು. ಮಾವ ನಿಮಿಷಕ್ಕೊಮ್ಮೆ ಗಡಿಯಾರ ನೋಡುತ್ತಿದ್ದ.

"ಓದೋದೇನಿದೆ ಮೇಡಂ, ಮನೆಯವ್ರೇ ತಾನೆ? ಬೇಗ ಮುಗ್ಸಿ."

"ಸೈನು ನಿಮ್ದಾ? ಅಲ್ವಲ್ಲ. ಸುಮ್ನೆ ಕೂತ್ಕೊಳ್ಳಿ."

ಓದುತ್ತಾ ಓದುತ್ತಾ ಆ ಸಾಲು ಬಂತು: ಮದುವೆಯ ಕಾಲದಲ್ಲಿ ನನಗೆ ಸಲ್ಲತಕ್ಕದ್ದೆಲ್ಲ ಸಂದಿರುವುದರಿಂದ ಈ ಸ್ವತ್ತಿನಲ್ಲಿ ನನಗೆ ಯಾವ ಹಕ್ಕೂ ಇರುವುದಿಲ್ಲ.

ಮೈಕಮ್ಮ ಕನ್ನಡಕವನ್ನು ಹಣೆಗೇರಿಸಿದರು. "ಅಂದ್ರೆ ವರದಕ್ಷಿಣೆ. ಹಂಗಂತ ಬರೆದ್ರೆ ಕಾನೂನು ಹಿಡ್ಕೊಳ್ಳುತ್ತೆ, ಅದಕ್ಕೇ ಈ ಅಲಂಕಾರ. ನಿಮ್ ಕೈಗೆ ಬಂತಾ ತಾಯಿ?"

ಅಮ್ಮ ಚೀಲದ ಹಿಡಿಕೆ ತಿರುಚುತ್ತಾ ಹೇಳಿದಳು, "ಅತ್ತೆ ಕೈಗೆ ಹೋಯ್ತು. ಅದ್ರಲ್ಲೇ ನಾದಿನಿ ಮದ್ವೆ ಮಾಡಿದ್ರು."

"ಆ ನಾದಿನೀನೂ ಬರ್ತಾಳೆ ಬಿಡಿ, ಇದೇ ಬೆಂಚಿಗೆ."

ಸುತ್ತ ಕೂತವರೆಲ್ಲ ನಕ್ಕರು, ಮಾವನೂ ನಕ್ಕ. ಅಮ್ಮ ನಗಲಿಲ್ಲ.

"ಆ ಸಾಲು ತೆಗೀರಿ."

"ಏನೇ, ತಲೆಗಿಲೆ ಕೆಟ್ಟಿದ್ಯಾ? ಅಪ್ಪ ಅಷ್ಟು ಕೊಟ್ಟಿದ್ದು ಸುಳ್ಳಾ?" ಮಾವ ಎದ್ದೇ ನಿಂತ.

"ಕೊಟ್ಟಿದ್ದು ನಿಜ ಅಣ್ಣ. ನಂಗೆ ಕೊಟ್ಟಿಲ್ಲ."

"ಹಂಗಾದ್ರೆ ಸೈನ್ ಹಾಕಲ್ವಾ?"

"ಹಾಕ್ತೀನಿ. ನಿನ್ ಮನೆ ಬಾಗ್ಲು ನಂಗೆ ತೆರೆದಿರ್ಬೇಕಲ್ಲ. ಸುಳ್ಳಿಗೆ ಮಾತ್ರ ಹಾಕಲ್ಲ."

ಮೈಕಮ್ಮ ಇಡೀ ಹಾಳೆಯನ್ನು ಹೊಸದಾಗಿ ಬರೆದರು: ನನಗೆ ಏನೂ ಸಲ್ಲದಿದ್ದರೂ ಅಣ್ಣನಿಗೆ ಬಿಟ್ಟುಕೊಡುತ್ತಿದ್ದೇನೆ. ಮಾವ ಅದನ್ನು ಎರಡು ಸಲ ಓದಿದ, ಕಿವಿ ಕೆಂಪಾಯಿತು, ಆದರೂ ಬೇಡವೆನ್ನಲಿಲ್ಲ. ಅವನಿಗೆ ಬೇಕಾದದ್ದು ಮನೆ. ಅಮ್ಮ ಸಹಿ ಹಾಕಿದಳು. ಶಾಯಿ ಆರುವಷ್ಟರಲ್ಲಿ ಅರ್ಧ ಮನೆ ಹೋಗಿತ್ತು.

ಆಮೇಲೆ ನಾನು ನೆಪ ಮಾಡಿಕೊಂಡು ಎಷ್ಟೋ ಸಲ ಮೈಕಮ್ಮನ ಹತ್ತಿರ ಹೋಗಿದ್ದೇನೆ. ಇಷ್ಟು ವರ್ಷದಲ್ಲಿ ಸಹಿ ಹಾಕದೆ ಎದ್ದುಹೋದವರು ಎಷ್ಟು ಮಂದಿ ಎಂದು ಒಮ್ಮೆ ಕೇಳಿಯೂಬಿಟ್ಟೆ.

"ಇಬ್ರು. ಮಾರನೇ ದಿನ ಬಂದು ಹಾಕಿದ್ರು."

"ಮತ್ಯಾಕೆ ಓದ್ತೀರಾ?"

ಅವರು ಕೋಟಿನ ತೋಳಲ್ಲಿ ಮುಖ ಒರೆಸಿಕೊಂಡರು. "ಸುಸ್ತಾಗಿದೆ ಮಗಾ. ಓದ್ದೇ ಇದ್ರೆ ಇನ್ನೂ ಸುಸ್ತಾಗುತ್ತೆ."

ಪ್ರತಿ ಕಚೇರಿಯಲ್ಲೂ ಇಂಥವರೊಬ್ಬರು ಇರುತ್ತಾರೇನೋ. ಇವರು ಗೆದ್ದದ್ದನ್ನು ಯಾರೂ ನೋಡಿಲ್ಲ. ಅನ್ಯಾಯವು ಇವರ ಕೈಬರಹದಲ್ಲೇ ಮೈತಳೆದು, ಇವರ ಮೇಜಿನಿಂದಲೇ ಎದ್ದು ಮೊಹರಿಗೆ ಹೋಗುತ್ತದೆ. ಹೆಚ್ಚೆಂದರೆ ಅದನ್ನು ಹತ್ತು ನಿಮಿಷ ತಡೆದು ಕೂರಿಸುತ್ತಾರೆ. ಆ ಹತ್ತು ನಿಮಿಷವೂ ಸಿಗದೆ ಸಹಿ ಹಾಕಿದ ಹೆಂಗಸರೇ ಲೋಕದಲ್ಲಿ ಹೆಚ್ಚು.