ಅರ್ಧ ಕರೆದ ಬೆಂಕಿ

ಒಣಬಿದಿರು ಸುಡುವ ವಾಸನೆ ಮೂಗಿಗೆ ಬಿದ್ದರೆ ಸಾಕು, ರಿಂದಾಳ ಬಲ ಅಂಗೈ ಇವತ್ತಿಗೂ ಚುರುಗುಟ್ಟುತ್ತದೆ. ಅರವತ್ತು ವರ್ಷದ ಹಿಂದಿನ ಉರಿ ಅದು. ಆ ಕೈ ಅಲ್ಲಿಂದೀಚೆಗೆ ಎಷ್ಟೋ ಭತ್ತ ಕೊಯ್ದಿದೆ, ಎಷ್ಟೋ ಮಕ್ಕಳ ಬೆನ್ನು ತಟ್ಟಿ ಮಲಗಿಸಿದೆ, ಸುಕ್ಕುಗಟ್ಟಿದೆ. ಚುರುಕು ಮಾತ್ರ ಹಾಗೇ ಉಳಿದಿದೆ.

ಆಗ ಮೇಲುಹೊಳೆಯ ಉದ್ದಮನೆಗೆ ಹದಿನಾಲ್ಕು ಬಾಗಿಲು. ಬಾಗಿಲಿಗೊಂದು ಸಂಸಾರ, ಎಲ್ಲ ಸಂಸಾರಗಳಿಗೂ ಸೇರಿ ಈ ತುದಿಯಿಂದ ಆ ತುದಿಗೆ ಒಂದೇ ಜಗಲಿ. ಆರನೆಯ ಬಾಗಿಲು ರಿಂದಾಳದು. ಒಳಗೆ ಅವಳ ಇನಿ, ಎಂದರೆ ಅಜ್ಜಿ ಲುಲೋಂಗ್, ತಾಯಿ, ತಾಯಿಯ ಮಡಿಲಲ್ಲಿ ಹಾಲು ಬಿಡದ ತಮ್ಮ. ಅಕಿ, ಎಂದರೆ ಅಜ್ಜ, ಎರಡು ಮಳೆಗಾಲದ ಹಿಂದೆ ತೀರಿಕೊಂಡಿದ್ದ. ಅಪ್ಪ ದೇಶ ಸುತ್ತಲು ಹೋಗಿದ್ದ. ಅವರ ಇಬಾನ್ ಕುಲದ ಗಂಡಸು ಹಾಗೆ ಹೊರಟರೆ ಯಾರೂ ಯಾವಾಗ ಬರುತ್ತೀ ಎಂದು ಕೇಳುವುದಿಲ್ಲ. ಬಂದ ದಿನ ಬಂದ.

ಒಲೆಯ ಮೇಲಿನ ತೊಲೆಗೆ ಒಂದು ಸೋರೆಬುರುಡೆ ನೇತುಬಿದ್ದಿತ್ತು. ಅದರಲ್ಲಿ ಅಜ್ಜನ ಗೊಚೊ. ಬೆರಳುದ್ದದ ಸೀಸದ ಕೊಳವೆ, ತಳ ಮುಚ್ಚಿದ್ದು. ಅದರೊಳಗೆ ಬಿಗಿಯಾಗಿ ಕೂರುವ ಒಂದು ಮರದ ಕಡ್ಡಿ. ಕಡ್ಡಿಯ ತುದಿಯ ಗುಳಿಯಲ್ಲಿ ಬಗನಿ ಮರದ ಪಟ್ಟೆಯ ಬುಡದಿಂದ ಕೆರೆದ ತುಪ್ಪುಳು ಇಟ್ಟು, ಕೊಳವೆಯ ಬಾಯಿಗೆ ಕೊಟ್ಟು, ಅಂಗೈಯಿಂದ ಒಂದೇ ಏಟು ಗುದ್ದಬೇಕು. ಒಳಗಿನ ಗಾಳಿ ಓಡಲು ಜಾಗವಿಲ್ಲದೆ ಕಾದು ತುಪ್ಪುಳಿಗೆ ಕಿಡಿ ಹಚ್ಚುತ್ತದೆ. ಕೆಳಹೊಳೆಯ ಚೀನೀ ಅಂಗಡಿಯಲ್ಲಿ ಬೆಂಕಿಪೊಟ್ಟಣ ಸಿಗುತ್ತಿತ್ತು. ಅಡುಗೆಗೆ ಅದೇ ಸಾಕಿತ್ತು. ಆದರೆ ಗುಡ್ಡದ ಕಾಡು ಕಡಿದು ಒಣಗಿಸಿ ಸುಡುವ ದಿನ, ಆ ಬೂದಿಯಲ್ಲಿ ಭತ್ತ ಬಿತ್ತುವವರ ಮನೆಯಲ್ಲಿ, ಪೊಟ್ಟಣದ ಬೆಂಕಿ ನಡೆಯುತ್ತಿರಲಿಲ್ಲ. ಆ ಮನೆಯ ಕಟ್ಟಳೆ ಅದು. ಯಾವ ಬಾಗಿಲಿನ ಹೊಲವೋ ಆ ಬಾಗಿಲಿನ ಗೊಚೊ, ಆ ಬಾಗಿಲಿನವರದೇ ಕೈ.

"ಪಕ್ಕದ ಬಾಗಿಲಿಂದ ಬೆಂಕಿ ತಂದು ಸುಟ್ರೂ ಭತ್ತ ಬೆಳಿಯತ್ತೆ ಕಣೆ," ಎನ್ನುತ್ತಿದ್ದಳು ಇನಿ. "ಆದ್ರೆ ಅನ್ನ ಉಣ್ಣುವಾಗ ನೆಂಟರ ಮನೇಲಿ ಉಂಡ ಹಾಗಿರತ್ತೆ."

ಅಜ್ಜ ಹೋದ ಮೇಲೆ ಒಂದು ಸಲ ಇನಿಯೇ ಗುದ್ದಿದ್ದಳು. ಈ ಸಲ ಏಣಿಮರದ ಪಾಚಿಯ ಮೇಲೆ ಜಾರಿ ಬಲ ಮಣಿಕಟ್ಟು ಮುರಿದುಕೊಂಡು, ಬಿದಿರುಸೀಳು ಕಟ್ಟಿಸಿಕೊಂಡು ಕೂತಿದ್ದಳು. ಕಣ್ಣಿಗೆ ಮೊದಲೇ ಪೊರೆ. ಹಸುಗೂಸಿನ ತಾಯಿ ಹೊಲದ ಬೆಂಕಿಯ ಹತ್ತಿರ ಹೋಗುವಂತಿಲ್ಲ. ಉಳಿದವಳು ಹನ್ನೊಂದು ವರ್ಷದ ರಿಂದಾ.

ಗುದ್ದುವಾಗ ಹೇಳಲು ಒಂದು ಪದವಿತ್ತು. ಅದನ್ನು ಇನಿ ಹೇಳಿಕೊಡಬೇಕಾಗಿಯೇ ಇರಲಿಲ್ಲ. ಪದಗಾರ ಸಂಪಾರ್ ಜಗಲಿಯಲ್ಲಿ ದೇವರನ್ನು ಕರೆದು ಪದ ಹೇಳುವಾಗ, ಬೇರೆ ಮಕ್ಕಳು ಕಂಬ ಹತ್ತಿ ಇಳಿದು ಕೋಳಿ ಅಟ್ಟಿಕೊಂಡಿದ್ದರೆ, ರಿಂದಾ ಚಾಪೆಯ ಅಂಚಿನಲ್ಲಿ ಕೈಕಟ್ಟಿ ಕೂತು ಕೊನೆಯ ಸಾಲಿನ ಕೊನೆಯ ಉಸಿರಿನವರೆಗೆ ಕೇಳುತ್ತಿದ್ದಳು. ಒಂದು ಸಲ ಮುದುಕನಿಗೆ ಕೆಮ್ಮು ಬಂದು ಸಾಲು ನಡುವೆ ನಿಂತುಹೋಯಿತು. ಅವನು ನೀರು ಕುಡಿದು ಮೊದಲಿನಿಂದ ಶುರುಮಾಡಿದ. "ತುಂಡಾದ ಪದ ದೇವರ ತನಕ ಹೋಗಲ್ಲ ಮಗಾ, ದಾರೀಲೆ ಕೂತ್ಕೊಂಡು ಅಳತ್ತೆ," ಎಂದಿದ್ದ. ಆ ಮಾತು ರಿಂದಾಳ ಎದೆಯಲ್ಲಿ ಮೊಳೆ ಹೊಡೆದಂತೆ ಕೂತಿತ್ತು.

ಸುಡುವ ದಿನಕ್ಕೆ ಮೊದಲೇ ಕೈ ಪಳಗಿಸಲು ಅವಳು ಜಗಲಿಯಲ್ಲಿ ಮೊಳಕಾಲೂರಿ, ಎಡಗೈಯಲ್ಲಿ ಗೊಚೊ ಹಿಡಿದು, ಕಣ್ಣು ಮುಚ್ಚಿ ಹೇಳಿದಳು:

ಕಲ್ಲಿನಲಿ ಮಲಗಿದವನೆ, ಕಾಷ್ಠದಲಿ ಅಡಗಿದವನೆ,
ಕರೆದಾಗ ಕಣ್ಣು ತೆರೆ, ಕತ್ತಲಿಗೆ ಮುನ್ನ ಮನೆಗೆ ಬಾ...

'ಬಾ' ಎನ್ನುವಲ್ಲಿ ಏಟು. ಕಡ್ಡಿ ಎಳೆದು ನೋಡಿದರೆ ತುಪ್ಪುಳು ಕಪ್ಪಾಗಿತ್ತು, ಆದರೆ ತಣ್ಣಗೆ.

"ಇನ್ನೊಂದ್ಸಲ," ಎಂದಳು ಇನಿ, ಒಳಗಿನಿಂದ.

ಇನ್ನೊಂದು ಸಲವೂ ತಣ್ಣಗೆ. ಹತ್ತನೆಯ ಸಲವೂ.

ಏಳನೆಯ ಬಾಗಿಲಿನ ನ್ಯಾರು ಅವಳ ಓರಗೆಯವನು. ಪದ ಗಿದ ಅವನಿಗೆ ತಲೆಗೆ ಹತ್ತಿದ್ದಿಲ್ಲ. ಬಾಯಲ್ಲಿ ಏನೋ ಗೊಣಗಿ ಗುದ್ದುತ್ತಿದ್ದ, ಅವನ ಅಪ್ಪನ ಗೊಚೊದಲ್ಲಿ ಮೂರನೆಯ ಏಟಿಗೇ ಕಿಡಿ ಬಂದಿತ್ತು. ಅವನು ಜಗಲಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತು ಕಾಡುತ್ತಿದ್ದ.

"ಏ ರಿಂದಾ, ಅದು ಬೆಂಕಿ ಕರೆಯೋ ಪದಾನೋ, ಮಗು ಮಲಗಿಸೋ ಪದಾನೋ? ನಿನ್ನ ರಾಗ ಕೇಳಿ ಕಿಡಿ ಹೊದ್ಕೊಂಡು ಮಲಗ್ಬಿಡ್ತು ನೋಡು!"

"ನಿನ್ನ ಹಾಗೆ ಕೋಳಿ ಕೂಗಿದಂಗೆ ಕೂಗ್ಲಾ?"

"ಕೂಗು. ಕೋಳಿ ಕೂಗಿದ್ರೇನೇ ಕಣೆ ಬೆಳಕಾಗೋದು!"

ಜಗಲಿಯಲ್ಲಿ ಭತ್ತ ಕುಟ್ಟುತ್ತಿದ್ದ ಹೆಂಗಸರು ಒನಕೆ ನಿಲ್ಲಿಸದೆಯೇ ನಕ್ಕರು. ರಿಂದಾಳ ಕಿವಿ ಕೆಂಪಾಯಿತು. ಹೀಗೆ ಹನ್ನೆರಡು ದಿನ. ತುಪ್ಪುಳು ಬದಲಾಯಿಸಿದಳು, ಕಡ್ಡಿಗೆ ಸುತ್ತಿದ ನೂಲು ಬಿಚ್ಚಿ ಹೊಸದು ಸುತ್ತಿದಳು, ಹಂದಿಕೊಬ್ಬು ಸವರಿದಳು. ಅಂಗೈಯ ನಡುವೆ ಬೊಬ್ಬೆ ಎದ್ದು ಒಡೆಯಿತು. ಪದವನ್ನು ಮಾತ್ರ ಇನ್ನಷ್ಟು ಭಕ್ತಿಯಿಂದ, ಇನ್ನಷ್ಟು ಪೂರ್ತಿಯಾಗಿ ಹೇಳತೊಡಗಿದಳು. ತನ್ನಲ್ಲೇ ಏನೋ ಕೊರತೆಯಿದೆ, ಅದಕ್ಕೇ ಬರುತ್ತಿಲ್ಲ ಎಂದುಕೊಂಡಳು.

ಇನಿ ಒಳಗಿನಿಂದ ಕಿವಿಗೊಟ್ಟು ಕೂತಿರುತ್ತಿದ್ದಳು. ಕಣ್ಣು ಕಾಣದವಳಿಗೆ ಕಿವಿಯೇ ಕಣ್ಣು. ಆದರೆ ಹದಿನಾಲ್ಕು ಬಾಗಿಲಿನ ಒನಕೆ, ನಾಯಿ, ಮಕ್ಕಳು, ಇಷ್ಟರ ನಡುವೆ ಅವಳಿಗೆ ಕೇಳುತ್ತಿದ್ದುದು ಪದದ ರಾಗ ಮಾತ್ರ. "ಪದ ಚೆನ್ನಾಗಿದೆಯಲ್ಲೇ, ಮತ್ಯಾಕೆ?" ಎಂದು ತನ್ನಲ್ಲೇ ಗೊಣಗುತ್ತಿದ್ದಳು.

ಸುಡುವ ದಿನ ಬಂದೇಬಿಟ್ಟಿತು. ಒಂದು ದಿನ ತಡೆದರೂ ಆಗದು. ಪಡುವಣ ಗುಡ್ಡದ ಹಿಂದೆ ಮೋಡ ಮೊಳಕಾಲೂರಿತ್ತು. ಮಳೆ ಬಿದ್ದರೆ ಕಡಿದ ಮರ ನೆನೆದು ಅರೆಬೆಂದು ನಿಲ್ಲುತ್ತದೆ, ಆ ವರ್ಷದ ಭತ್ತ ಕೈಬಿಟ್ಟ ಹಾಗೆ. ಮಧ್ಯಾಹ್ನದ ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಮನೆಯವರೆಲ್ಲ ತಂತಮ್ಮ ಹೊಲದ ಕೆಳಅಂಚಿಗೆ ಹೋಗಿ ನಿಂತರು. ರಿಂದಾ ಇನಿಯ ಎಡಗೈ ಹಿಡಿದು ಹೊಳೆಯ ಕಲ್ಲುಗಳ ಮೇಲೆ ನಡೆಸಿಕೊಂಡು ಬಂದಳು.

ಗಾಳಿ ಏಳುವ ತನಕ ಆ ದಿನ ಯಾರೂ ಮಾತಾಡುವುದಿಲ್ಲ. ಹಕ್ಕಿ ಎಲ್ಲಿ ಕೂಗುತ್ತದೆ, ಎಡಕ್ಕೋ ಬಲಕ್ಕೋ ಎಂದು ಹಿರಿಯರು ಆಲಿಸುತ್ತಾರೆ. ಒಣಗಿದ ಎಲೆಗಳು ಬಿಸಿಲಿಗೆ ಚಟಚಟ ಎನ್ನುವುದು ಬಿಟ್ಟರೆ ಇಡೀ ಗುಡ್ಡ ಉಸಿರು ಹಿಡಿದುಕೊಂಡಿತ್ತು. ಆಮೇಲೆ ಹೊಳೆಯ ಕಡೆಯಿಂದ ಒಂದು ತಣ್ಣನೆಯ ಎಳೆ ಬಂತು. ಆ ಕಡೆಯ ಹೊಲದಿಂದ ಹೊಗೆ ಎದ್ದಿತು. ಇನ್ನೊಂದು. ಮತ್ತೊಂದು.

ರಿಂದಾ ಮೊಳಕಾಲೂರಿದಳು. ಪದ ಹೇಳಿ ಗುದ್ದಿದಳು. ತಣ್ಣಗೆ. ಮತ್ತೆ ಹೇಳಿ ಗುದ್ದಿದಳು. ತಣ್ಣಗೆ. ಬೊಬ್ಬೆಯ ಚರ್ಮ ಕಿತ್ತು ಕಡ್ಡಿಯ ತಲೆಗೆ ರಕ್ತ ಹತ್ತಿತು.

ಪಕ್ಕದ ಹೊಲ ನ್ಯಾರುವಿನ ಅಪ್ಪನದು. ಮಗ ಹುಟ್ಟಿದಂದಿನಿಂದ ಅವನನ್ನು ಸ್ವಂತ ಹೆಸರಿನಿಂದ ಯಾರೂ ಕರೆದವರಿಲ್ಲ, ಎಲ್ಲರಿಗೂ ನ್ಯಾರುವಿನ ಅಪ್ಪನೇ. ಅವನು ಉರಿಯುವ ಬಿದಿರಿನ ಪಂಜು ಹಿಡಿದು ಗಡಿಯ ತೋಡಿನ ಆಚೆ ಬಂದು ನಿಂತ. ಮುಖದಲ್ಲಿ ಕೇಡಿಲ್ಲ, ಕನಿಕರವೇ.

"ಇನಿ ಲುಲೋಂಗ್, ಮೋಡ ಹತ್ರ ಬಂತು. ಈ ವರ್ಷ ನಮ್ಮ ಬೆಂಕೀನೇ ತಗೊಳಿ. ಮಗೂಗೆ ಯಾಕೆ ಹಿಂಸೆ? ಮುಂದಿನ ಸಲ ನೋಡ್ಕೊಂಡ್ರಾಯ್ತು."

ರಿಂದಾ ತಲೆಯೆತ್ತಲಿಲ್ಲ. ಅವಳ ಕಣ್ಣೀರು ಗೊಚೊದ ಮೇಲೆ ಬಿದ್ದರೆ ತುಪ್ಪುಳು ನೆನೆಯುತ್ತದೆಂದು ಮುಖ ಪಕ್ಕಕ್ಕೆ ತಿರುಗಿಸಿದಳು. ಅಜ್ಜ ಸೀಸ ಕರಗಿಸಿ, ಬಿದಿರಿನ ಅಚ್ಚಿಗೆ ಹೊಯ್ದು, ಮೈಮೇಲೆ ಸುರುಳಿಹೂ ಮೂಡಿಸಿದ್ದ ಗೊಚೊ. ಅವನಿರುವ ತನಕ ಒಂದು ವರ್ಷವೂ ಆರನೆಯ ಬಾಗಿಲು ಬೆಂಕಿ ಬೇಡಿರಲಿಲ್ಲ.

ಇನಿ ಮೋಡದ ಕಡೆಗೆ ಮುಖ ಮಾಡಿ ಗಾಳಿ ಮೂಸಿದಳು. "ಒಂದು ಎಲೆಯಡಿಕೆ ಜಗಿಯೋಷ್ಟು ಹೊತ್ತು ನಿಂತ್ಕೊಳಪ್ಪಾ," ಎಂದಳು. "ಆಮೇಲೂ ಬರ್ಲಿಲ್ಲ ಅಂದ್ರೆ ನಿನ್ನ ಪಂಜು ತಗೋತೀನಿ. ರಿಂದಾ, ಇನ್ನೊಂದ್ಸಲ ಹೊಡಿ. ನಾನು ಕೇಳಿಸ್ಕೋತೀನಿ."

ಮುದುಕಿ ಮೊಮ್ಮಗಳ ಪಕ್ಕದಲ್ಲಿ ಕುಕ್ಕರಿಸಿ ಕಿವಿಯನ್ನು ಗೊಚೊದ ಹತ್ತಿರ ತಂದಳು. ಒನಕೆ ಇಲ್ಲ, ನಾಯಿ ಇಲ್ಲ. ರಿಂದಾ ಪದ ಹೇಳಿದಳು. "...ಮನೆಗೆ ಬಾ—" ಠಪ್! "—ಆಆಆ..." ರಾಗ ಇಳಿದು, ಉಸಿರು ಮುಗಿದು, ಆಮೇಲೆ ಕಡ್ಡಿ ಹೊರಬಂತು: ಪುಕ್.

ಇನಿ ನಕ್ಕಳು. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆ ಹಿಡಿದುಕೊಂಡು. ಮುರಿದ ಕೈ ನೋವಾಗಿ "ಅಯ್ಯೋ" ಎಂದು ಮತ್ತೆ ನಕ್ಕಳು. ನ್ಯಾರುವಿನ ಅಪ್ಪ ಮುದುಕಿಗೆ ಬಿಸಿಲು ಹತ್ತಿತೇನೋ ಎಂದು ನೋಡಿದ.

"ಅಲ್ವೇ ಕಳ್ಳೀ, 'ಬಾ' ಅನ್ನೋದು ಮುಗಿಯೋ ತನಕ ಕಡ್ಡೀನ ಒಳಗೇ ಇಟ್ಕೊಂಡಿರ್ತೀಯಲ್ಲೇ!"

"ಮತ್ತೆ? ಪದ ಮುಗೀಬೇಡ್ವಾ ಇನಿ?"

"ಮುಗಿಯೋಷ್ಟ್ರಲ್ಲಿ ಕಿಡಿ ಉಸಿರುಕಟ್ಟಿ ಸತ್ತೇ ಹೋಗಿರತ್ತೆ! ಹೊಡೆದ ಕೈಗೆ ಹೊಡೆದೆ ಅಂತ ಗೊತ್ತಾಗೋಕೆ ಮುಂಚೆ ಎಳೀಬೇಕು. ನಿನ್ನ ಅಕಿ ಹೆಂಗೆ ಹೊಡೀತಿದ್ರು, ನೆನಪಿದ್ಯಾ?"

ರಿಂದಾಗೆ ಅಜ್ಜನ ಬೆನ್ನು ನೆನಪಿತ್ತು, ಹೊಗೆಸೊಪ್ಪಿನ ವಾಸನೆ ನೆನಪಿತ್ತು. ಅವನ ಮಾತು ನೆನಪಿಗೆ ಬರಲಿಲ್ಲ. ಅವನು ಮಾತಾಡಿದ್ದೇ ಕಡಿಮೆ.

"ನಿನ್ನ ಅಕಿಗೆ ತೊದಲು ಕಣೆ. ಪ್ರಾಯದಲ್ಲಿ ನನ್ನನ್ನ ಮದುವೆಗೆ ಕೇಳೋಕೆ ಬಂದಾಗ ಅರ್ಧ ದಿನ ಹಿಡೀತು. ಈ ಪದದಲ್ಲೂ ಅಷ್ಟೆ. ಎಲ್ಲಾ ಸರಿಯಾಗೇ ಹೇಳೋರು, ಕೊನೇಲಿ ಬಂದು ಬ... ಬ... ಅಂತ ಸಿಕ್ಕಾಕೊಳ್ಳೋರು. ಆ ಬ ಅಲ್ಲೇ ಹೊಡೆದು ಅಲ್ಲೇ ಎಳೆಯೋರು. 'ಬಾ' ಅಂತ ಪೂರ್ತಿ ಕರೆದಿದ್ದೇ ಇಲ್ಲ ಅವ್ರು. ಬೆಂಕಿಗೇ ಪಾಪ ಅನ್ಸಿ ಬಂದ್ಬಿಡೋದು!"

ತೋಡಿನಾಚೆ ನ್ಯಾರುವಿನ ಅಪ್ಪನೂ ನಕ್ಕ. "ಹೌದೌದು. ಅಜ್ಜನ ಹಾಗೆ ಗೊಚೊ ಹೊಡೆಯೋರು ಈ ಹೊಳೇಲೇ ಇರ್ಲಿಲ್ಲ," ಎಂದ.

ರಿಂದಾ ನಗಲಿಲ್ಲ. "ಪದ ತುಂಡು ಮಾಡಿದ್ರೆ ದಾರೀಲಿ ಕೂತು ಅಳತ್ತೆ ಅಂತಾರಲ್ಲ ಇನಿ, ಪದಗಾರ ಅಜ್ಜ?"

ಪದಗಾರನ ಮಾತನ್ನು ಅಲ್ಲಗಳೆಯುವವಳಲ್ಲ ಇನಿ. ನೆರಿಗೆಗಟ್ಟಿದ ಎಡ ಅಂಗೈಯನ್ನು ರಿಂದಾಳ ಬೆನ್ನ ಮೇಲಿಟ್ಟಳು.

"ನೀನು ಅರ್ಧ ಹೇಳು," ಎಂದಳು. "ಉಳಿದಿದ್ದು ನಾನು ಹೇಳ್ತೀನಿ. ಇಬ್ರೂ ಸೇರಿದ್ರೆ ತುಂಡು ಹೆಂಗಾಗತ್ತೆ?"

ಗುಳಿಗೆ ಹೊಸ ತುಪ್ಪುಳು ಒತ್ತಿದಳು ರಿಂದಾ. ಮೋಡದ ನೆರಳು ಗುಡ್ಡದ ನೆತ್ತಿಗೆ ತಗುಲಿತ್ತು. ಕಣ್ಣು ಮುಚ್ಚಲಿಲ್ಲ ಈ ಸಲ. ಕಲ್ಲಿನಲಿ ಮಲಗಿದವನೆ, ಎಂದಳು. ಕರೆದಾಗ ಕಣ್ಣು ತೆರೆ, ಎಂದಳು. ಕತ್ತಲಿಗೆ ಮುನ್ನ ಮನೆಗೆ—

"ಬ!"

ಠಪ್-ಪುಕ್. ಎರಡೂ ಒಂದೇ ಸದ್ದು. ಅರ್ಧ ಅಕ್ಷರ ಬಾಯಲ್ಲೇ ಉಳಿದು, ಮೆಟ್ಟಿಲಿದೆಯೆಂದು ಕಾಲಿಟ್ಟಲ್ಲಿ ಮೆಟ್ಟಿಲಿಲ್ಲದಂತಾಯಿತು ಅವಳಿಗೆ. ಬೆನ್ನ ಹಿಂದೆ ಇನಿಯ ಸಣ್ಣ ದನಿ ಆ ಸ್ವರವನ್ನು ಎತ್ತಿಕೊಂಡು, ನಿಧಾನವಾಗಿ, ಪೂರ್ತಿಯಾಗಿ ಎಳೆದು ಮುಗಿಸಿತು.

ಕಡ್ಡಿಯ ತುದಿಯಲ್ಲಿ ಸಾಸಿವೆಯಷ್ಟು ಕೆಂಪು.

"ಬಂತು ಇನಿ!"

"ಮಾತಾಡ್ಬೇಡ, ಊದು. ಮೆಲ್ಲಗೆ. ಮಗೂ ಕಣ್ಣಿಗೆ ಧೂಳು ಬಿದ್ರೆ ಊದೋ ಹಾಗೆ."

ಕೆಂಪನ್ನು ತೊಗಟೆನಾರಿನ ಉಂಡೆಗೆ ಇಳಿಸಿ ಊದಿದಳು. ಹೊಗೆ ದಾರವಾಯಿತು, ಹಗ್ಗವಾಯಿತು, ಉಂಡೆ ಭಗ್ಗೆಂದಿತು. ಬಿದಿರಿನ ಪಂಜು ಹತ್ತಿತು. ನ್ಯಾರುವಿನ ಅಪ್ಪ ತನ್ನ ಪಂಜನ್ನು ತೋಡಿನ ನೀರಿನಲ್ಲಿ ಅದ್ದಿದ. ಚುಂಯ್ ಎಂದ ಆ ಸದ್ದೂ ರಿಂದಾಳ ಕಿವಿಯಲ್ಲಿ ಇನ್ನೂ ಇದೆ. ಆಮೇಲೆ ಗಾಳಿ ಬಂತು, ಆರನೆಯ ಬಾಗಿಲಿನ ಹೊಲ ಕೆಳಗಿನಿಂದ ಮೇಲಕ್ಕೆ ಬಿದಿರು ಸಿಡಿಸುತ್ತ ಉರಿಯಿತು. ಮಳೆಯ ಮೊದಲ ಹನಿ ಬೀಳುವಾಗ ಉಳಿದಿದ್ದು ಬಿಸಿ ಬೂದಿ. ಹೊಳೆಯಲ್ಲಿ ಮುಖ ತೊಳೆಯುತ್ತಿದ್ದಾಗ ನ್ಯಾರು ಬಂದು, "ಕೋಳಿ ಕೂಗ್ತಂತೆ?" ಎಂದ. ಅವಳು ಅವನ ಮುಖಕ್ಕೆ ನೀರೆರಚಿದಳು.

ಮುಂದಿನ ಸುಗ್ಗಿಯ ಹೊಸ ಅನ್ನವನ್ನು ಇನಿ ಎಡಗೈಯಲ್ಲೇ ಉಂಡಳು. ಮಣಿಕಟ್ಟು ಸರಿಯಾಗಿ ಕೂಡಿರಲಿಲ್ಲ. ಒಂದು ತುತ್ತು ಜಗಿದು, "ನಮ್ಮನೇದು," ಎಂದಳು. ಅಷ್ಟೇ. ಮೂರು ಸುಗ್ಗಿ ಹಾಗೆ ಉಂಡು ಹೋದಳು. ಅವಳಿರುವ ತನಕ ರಿಂದಾ 'ಬ' ಎಂದರೆ ಹಿಂದಿನಿಂದ ಆ ಸ್ವರ ಬರುತ್ತಿತ್ತು. ಅವಳು ಹೋದ ವರ್ಷ ರಿಂದಾ ಗುದ್ದಿ, ಎಳೆದು, ಕಿಡಿಯನ್ನು ಕೈಯಲ್ಲಿ ಹಿಡಿದುಕೊಂಡೇ ಸ್ವಲ್ಪ ಹೊತ್ತು ಕಾದಳು. ಯಾರೂ ಹೇಳಲಿಲ್ಲ. ತಾನೂ ಹೇಳಲಿಲ್ಲ.

ಈಗ ಕಾಡು ಸುಡುವವರು ಕಡಿಮೆ. ಉದ್ದಮನೆಗೆ ತಗಡಿನ ಮಾಡು ಬಂದಿದೆ, ಒಲೆಗೆ ಗ್ಯಾಸು ಬಂದಿದೆ. ಶಾಲೆಗೆ ರಜೆ ಬಂದಾಗ ಮೊಮ್ಮಕ್ಕಳು ಹೊಳೆಯ ದಡದಲ್ಲಿ ಮೀನು ಸುಡಲು ಹೋಗುತ್ತಾರೆ. ಆಗ ಮಾತ್ರ ಸೋರೆಬುರುಡೆ ಕೆಳಗಿಳಿಯುತ್ತದೆ. ಎಲ್ಲರಿಗೂ ಗೊಚೊ ಗುದ್ದಲು ಬರುತ್ತದೆ, ಎಲ್ಲರಿಗೂ ಪದ ಬರುತ್ತದೆ, ಅಜ್ಜನ ತೊದಲಿನ ಸಮೇತ.

ಕಳೆದ ರಜೆಯಲ್ಲಿ ಮೊಮ್ಮಗಳು ಜೆಲಿಯಾ ಮುಖ ಊದಿಸಿಕೊಂಡು ಬಂದಳು.

"ಇನಿ, ನಮ್ಮ ಟೀಚರ್ ಹಳೇ ಪದ ಎಲ್ಲ ಬರ್ಕೊಂಡು ಬನ್ನಿ ಅಂದಿದ್ರು. ನಾನು ಗೊಚೊ ಪದ ಬರ್ದೆ. 'ಮನೆಗೆ ಬ ಬ' ಅಂತ. ಅವ್ರು ಒಂದು ಬ ಹೊಡೆದುಹಾಕಿ 'ಬಾ' ಅಂತ ತಿದ್ದಿದ್ರು. ಯಾವ್ದು ಸರಿ?"

ರಿಂದಾ ಹೊಳೆಯ ಕಲ್ಲಿನ ಮೇಲೆ ಕೂತು ಮೀನಿನ ಹೊಟ್ಟೆ ಸೀಳುತ್ತಿದ್ದಳು. ಕೈ ನಿಂತಿತು.

"ಟೀಚರ್ ಹೇಳಿದ್ದೂ ಸರಿಯೇ," ಎಂದಳು. "ನನ್ನ ಅಕಿ ಬರ್ದಿದ್ರೆ ಅವ್ರಿಗೂ ಹೀಗೇ ತಿದ್ದೋರು."

"ಹಾಗಿದ್ರೆ ಬಾ ಅಂತಾನೇ ಹೇಳ್ಲಾ?"

"ಮೊದ್ಲು ಹೊಡಿ ನೋಡಣ."

ಹುಡುಗಿ ಮರಳಿನಲ್ಲಿ ಮೊಳಕಾಲೂರಿದಳು. ಟೀಚರಿನ ಮಾತು ಅರ್ಧ ಮನಸ್ಸಿನಲ್ಲಿ, ಕೈಯ ರೂಢಿ ಅರ್ಧ. ಪದ ಶುರುವಾಯಿತು. ರಿಂದಾ ಚೂರಿ ಕೆಳಗಿಟ್ಟು, ಕಣ್ಣು ಮುಚ್ಚಿ, ಕಿವಿಯನ್ನು ಆ ಕಡೆಗೆ ತಿರುಗಿಸಿದಳು.

"...ಮನೆಗೆ ಬ, ಬ—"

ಠಪ್-ಪುಕ್.

ಹುಡುಗಿ ಊದಲು ಬಗ್ಗಿದಳು. ಮುದುಕಿ ಬಾಯಿ ತೆರೆದಳು. ಎಷ್ಟೋ ವರ್ಷದಿಂದ ಹೇಳದೆ ಉಳಿದಿದ್ದ ಆ ಸ್ವರ ಮೆಲ್ಲಗೆ ಹೊರಬಂದು, ಹೊಳೆಯ ಮೇಲೆ, ಉಸಿರು ಮುಗಿಯುವ ತನಕ ಹರಿಯಿತು.