ಮೇಲಿನ ಪದರದ ಅಂಜೂರ

ನೀತಾ ಒದ್ದೆ ಬಟ್ಟೆಯಿಂದ ಅಂಜೂರಗಳನ್ನು ಒಂದೊಂದಾಗಿ ಒರೆಸಿ ರಟ್ಟಿನ ಪೆಟ್ಟಿಗೆಗೆ ಜೋಡಿಸುತ್ತಿದ್ದಳು. ಪುಣೆ ಹತ್ತಿರದ ಸಾಸವಡದ ಆ ಶೆಡ್ಡಿನಲ್ಲಿ ಎಲ್ಲ ಹೆಂಗಸರಿಗೂ ಅಂದು ಅದೇ ಕೆಲಸ. ಕೆಳಗಿನ ಪದರಕ್ಕೆ ಹುಳಿ ನಾತದ ಹಣ್ಣು, ಮೇಲಿನದಕ್ಕೆ ಚೊಕ್ಕ ಹಣ್ಣು. ಮಾಲೀಕ ಈರಬಸಪ್ಪ ಬೆಳಿಗ್ಗೆಯೇ ಹಾಗೆ ಹೇಳಿದ್ದ. ಒಂದು ಹಣ್ಣು ಬೆರಳಲ್ಲೇ ಒಡೆದು, ಕಪ್ಪು ಲೋಳೆ ಉಗುರಿನ ಸಂದಿಗೆ ಇಳಿಯಿತು. ಅದನ್ನು ದುಪಟ್ಟಾಕ್ಕೆ ಒರೆಸಿಕೊಳ್ಳಲೂ ಅವಳಿಗೆ ಹೇಸಿಗೆಯಾಯಿತು.

ಮಧ್ಯಾಹ್ನ ಶಮಂತ್ ಕಾರಿನಲ್ಲಿ ಬಂದ. ಜರ್ಮನಿಯಿಂದ ದುಬೈವರೆಗೆ ಅಂಗಡಿಗಳಿರುವ ಕಂಪನಿಯ ಪರವಾಗಿ ಮಾಲು ಪರೀಕ್ಷಿಸುವವನು ಅವನೇ.

ಈರಬಸಪ್ಪ ಎದುರುಗೊಂಡ. "ಬರ್ರಿ ಸಾಹೇಬ್ರ. ನಿಮ್ಮ ಕೋಥರೂಡದ ಮನ್ಯಾಗ ಕಪಾಟು ಕೂಡಿಸಿದ್ರೇನ್ರಿ ನಮ್ಮ ಮಂದಿ?"

"ಕಿಚನ್ ಸೂಪರ್ ಆಗಿದೆ ಸರ್. ನನ್ನ ವೈಫ್ ಸಿಂಧೂರ ಫುಲ್ ಖುಷಿ. ಚಿಮಣಿ ಒಂದು ಬಾಕಿ ಅಷ್ಟೆ."

"ಮಾಲು ಮುಟ್ಟಲಿ, ಅದೂ ಬರ್ತದ. ಹೊಗಿಗೆ ಹೆಂಡ್ತಿ ಕಣ್ಣಾಗ ನೀರು ಬಂದ್ರ ಹೆಂಗ್ರಿ!"

ಇಬ್ಬರೂ ನಕ್ಕರು. ಶಮಂತ್ ಮೇಲಿನ ಪದರದ ಹಣ್ಣೊಂದನ್ನು ಎತ್ತಿ ನೋಡಿ ಇಟ್ಟ. ಕೆಳಗೆ ಕೈ ಹಾಕಲಿಲ್ಲ. ಈರಬಸಪ್ಪ ತಿನ್ನಲು ಒತ್ತಾಯಿಸಿದರೆ, "ಅಯ್ಯೋ ಬೇಡ ಸರ್" ಎಂದು ಜೇಬಿನಿಂದ ಸ್ಯಾನಿಟೈಸರ್ ತೆಗೆದು ಕೈ ಉಜ್ಜಿಕೊಂಡ.

"ಓಕೆ. ಲೋಡ್ ಮಾಡ್ಸಿ."

ಪ್ರತಿ ಪೆಟ್ಟಿಗೆಗೂ ಅದನ್ನು ತುಂಬಿದವಳ ನಂಬರ್ ಅಂಟಿಸಬೇಕೆಂಬುದು ಕಂಪನಿಯ ನಿಯಮ. ಹೋದ ವರ್ಷ ಕೊಳೆತ ಪೆಟ್ಟಿಗೆಯ ಫೋಟೋ ಕಂಪನಿಯ ದುಬೈ ಅಂಗಡಿಯಿಂದ ಬಂದಾಗ ಅದರ ಮೇಲೆ ಇದೇ ಶೆಡ್ಡಿನಲ್ಲಿ ದುಡಿಯುತ್ತಿದ್ದ ಬಸವಣ್ಣೆವ್ವನ ನಂಬರಿತ್ತು. ಆಮೇಲೆ ಸಾಸವಡದ ಯಾವ ಶೆಡ್ಡೂ ಅವಳನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಈರಬಸಪ್ಪನಿಗೆ ಮಾತ್ರ ಹೊಸ ಆರ್ಡರ್ ಬಂತು.

ಈಗ ಅವನು ನೀತಾಳ ಮುಂದೆ ಅವಳ ನಂಬರ್ ಹದಿನಾಲ್ಕು ಅಚ್ಚಾಗಿದ್ದ ಅಂಟುಚೀಟಿಗಳ ಸುರುಳಿ ಇಟ್ಟ. "ಹಚ್ಚವಾ, ಲವಕರ, ಜಲ್ದಿ. ಗಾಡಿ ನಿಂತದ."

ಅವಳು ಮುಟ್ಟಲಿಲ್ಲ.

"ಯಾಕವಾ, ಮೆಹಂದಿ ಹಚ್ಚಿಕೊಂಡೀ ಏನ್ ಕೈಗೆ?" ಎಂದು ಅವನೇ ಒಂದು ಚೀಟಿ ಕಿತ್ತು ಪೆಟ್ಟಿಗೆಯ ಮೇಲೆ ಒತ್ತಿದ. ಹದಿನಾಲ್ಕು. ಮತ್ತೊಂದು. ಹದಿನಾಲ್ಕು. ಪಕ್ಕದ ಹೆಂಗಸರು ತಲೆ ತಗ್ಗಿಸಿ ಹಣ್ಣು ಒರೆಸುತ್ತಲೇ ಇದ್ದರು. ಶಮಂತ್ ಈರಬಸಪ್ಪನ ಮುಂದೆ ಮೊಬೈಲು ಹಿಡಿದು ತನಗೆ ಬೇಕಾದ ಚಿಮಣಿಯ ಬಣ್ಣ ತೋರಿಸುತ್ತಿದ್ದ.

ನೀತಾ ಎದ್ದು ನಿಂತಳು. ಅವಳ ಬೆರಳ ತುದಿ ಇನ್ನೂ ಅಂಟಂಟಾಗಿತ್ತು.

"ಸಾವಕಾರ್ರ, ಇವುಗಳ ಮ್ಯಾಲಿಂದ ನನ್ನ ನಂಬರ್ ತಗೀರಿ."

ಈರಬಸಪ್ಪ ಸುರುಳಿಯಿಂದ ಮತ್ತೊಂದು ಚೀಟಿ ಕಿತ್ತು ಮುಂದಿನ ಪೆಟ್ಟಿಗೆಗೆ ಒತ್ತಿದ. ಹದಿನಾಲ್ಕು.